ಎರಡು ಸೆಕೆಂಡಿನ ಹಿಂದಿನ ನಿಮಿಷಗಳು

2014ರ ನವೆಂಬರ್ 22ರ ಶನಿವಾರ ಮಧ್ಯಾಹ್ನ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಒಂದು ಉದ್ಯಾನದಿಂದ ಪೊಲೀಸ್ ಕಂಟ್ರೋಲ್ ರೂಮಿಗೆ ಫೋನ್ ಹೋಯಿತು. ಯಾರೋ ಒಬ್ಬ ಪಿಸ್ತೂಲು ಹಿಡಿದು ಹೋಗಿ ಬರುವವರತ್ತ ತೋರಿಸುತ್ತಿದ್ದಾನೆ ಎಂದು ಫೋನ್ ಮಾಡಿದ ವ್ಯಕ್ತಿ, ಅದು ಬಹುಶಃ ನಕಲಿ ಎಂದು ಎರಡು ಸಲ ಹೇಳಿದರು. ಹಿಡಿದವನು ಇನ್ನೂ ಹುಡುಗನಿರಬೇಕು ಎಂದೂ ಸೇರಿಸಿದರು. ಕರೆ ತೆಗೆದುಕೊಂಡ ಸಿಬ್ಬಂದಿ ಈ ಎರಡು ಮಾತನ್ನೂ ಕಂಪ್ಯೂಟರಿಗೆ ಹಾಕಲಿಲ್ಲ. ಹೀಗಾಗಿ ಗಸ್ತು ಕಾರಿಗೆ ವೈರ್‌ಲೆಸ್‌ನಲ್ಲಿ ತಲುಪಿದ್ದು ಪಿಸ್ತೂಲು ಹಿಡಿದ ಕಪ್ಪು ಗಂಡಸೊಬ್ಬನ ಸುದ್ದಿ ಮಾತ್ರ. ಕಾರು ರಸ್ತೆಯಲ್ಲಿ ನಿಲ್ಲಲಿಲ್ಲ. ಹುಲ್ಲುಹಾಸಿನ ಮೇಲೆ ನುಗ್ಗಿ, ಹುಡುಗನಿಂದ ಕೆಲವೇ ಅಡಿ ದೂರಕ್ಕೆ ಬಂದು ನಿಂತಿತು. ಬಾಗಿಲು ತೆರೆದು ಇಳಿದ ಅಧಿಕಾರಿ ಗುಂಡು ಹಾರಿಸಿದ್ದು ಸುಮಾರು ಎರಡೇ ಸೆಕೆಂಡಿನಲ್ಲಿ. ಆಮೇಲೆ ವೈರ್‌ಲೆಸ್‌ನಲ್ಲಿ ಪೊಲೀಸರು ಹೇಳಿದ ವಯಸ್ಸು ಬಹುಶಃ 20. ಬಿದ್ದಿದ್ದ ತಮೀರ್ ರೈಸ್‌ಗೆ 12 ವರ್ಷ. ಅವನ ಬಳಿ ಇದ್ದದ್ದು ಪ್ಲಾಸ್ಟಿಕ್ ಗುಂಡು ಹಾರಿಸುವ ಏರ್‌ಸಾಫ್ಟ್ ಆಟಿಕೆ. ಮರುದಿನ ಅವನು ಆಸ್ಪತ್ರೆಯಲ್ಲಿ ತೀರಿಕೊಂಡ.

ಇಂಥ ಸಾವು ಸಂಭವಿಸಿದಾಗಲೆಲ್ಲ ಚರ್ಚೆ ಮೊದಲು ಹೋಗಿ ನಿಲ್ಲುವುದು ಆಟಿಕೆಯ ಮೇಲೆ. ಅಮೆರಿಕದಲ್ಲಿ 1988ರಿಂದಲೇ ಆಟಿಕೆ ಪಿಸ್ತೂಲಿನ ನಳಿಗೆಯ ತುದಿಗೆ ಕಿತ್ತಳೆ ಬಣ್ಣದ ಗುರುತು ಇರಬೇಕೆಂಬ ಕಾನೂನಿದೆ. ಗಾಳಿಯ ಒತ್ತಡದಿಂದ ಸಣ್ಣ ಗುಂಡು ಹಾರಿಸುವ ಸಾಂಪ್ರದಾಯಿಕ ಬಿ.ಬಿ. ಗನ್‌ಗಳಿಗೆ ಅದರಿಂದ ವಿನಾಯಿತಿಯೂ ಇದೆ. ತಮೀರನ ಆಟಿಕೆಯ ಕಿತ್ತಳೆ ತುದಿ ಕಿತ್ತುಹೋಗಿತ್ತು, ಅದಿದ್ದಿದ್ದರೆ ಹುಡುಗ ಬದುಕುತ್ತಿದ್ದ ಎಂದು ವಾದಿಸಿದವರು ಬಹಳ. ಆದರೆ ಪೊಲೀಸರ ಹೇಳಿಕೆಯನ್ನೇ ನಂಬಿದರೂ, ಅವನು ಕೈ ಹಾಕಿದ್ದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಪಿಸ್ತೂಲಿಗೆ. ತುದಿಗೆ ಎಷ್ಟೇ ಬಣ್ಣ ಬಳಿದಿದ್ದರೂ ಅದು ಬಟ್ಟೆಯೊಳಗೇ ಇರುತ್ತಿತ್ತಲ್ಲವೆ? ಅದರ ಹಿಂದಿನ ವರ್ಷ, 2013ರ ಅಕ್ಟೋಬರ್‌ನಲ್ಲಿ, ಕ್ಯಾಲಿಫೋರ್ನಿಯಾದ ಸಾಂಟಾ ರೋಸಾದಲ್ಲಿ 13 ವರ್ಷದ ಆಂಡಿ ಲೋಪೆಜ್ ಎ.ಕೆ.-47ರಂತೆ ಕಾಣುವ ಏರ್‌ಸಾಫ್ಟ್ ಹಿಡಿದು ನಡೆದುಹೋಗುತ್ತಿದ್ದಾಗ ಪೊಲೀಸ್ ಗುಂಡಿಗೆ ಬಲಿಯಾದ. ಇಂಥ ಆಟಿಕೆಗಳಿಗೆ ಎದ್ದು ಕಾಣುವ ಬಣ್ಣ ಬೇಕೆಂಬ ಕಾನೂನು ಆ ರಾಜ್ಯದಲ್ಲಿ 2016ರ ಆರಂಭದಿಂದ ಜಾರಿಗೆ ಬಂತು. ಒಳ್ಳೆಯ ಕಾನೂನೇ. ಬ್ರಿಟನ್ನಿನ 2006ರ ಕಾಯಿದೆ ಇನ್ನೂ ಮುಂದೆ ಹೋಗಿ, ನೈಜ ಬಂದೂಕಿನಂತೆ ಕಾಣುವ ನಕಲಿಗಳ ತಯಾರಿಕೆ ಮತ್ತು ಮಾರಾಟವನ್ನೇ ಬಹುಮಟ್ಟಿಗೆ ನಿಷೇಧಿಸಿತು. ಆದರೆ ಅಲ್ಲಿ ಬೀದಿ ಗಸ್ತಿನ ಸಾಮಾನ್ಯ ಪೊಲೀಸರ ಸೊಂಟದಲ್ಲಿ ಪಿಸ್ತೂಲೇ ಇರುವುದಿಲ್ಲ. ಮಕ್ಕಳು ಉಳಿದ ಪುಣ್ಯವನ್ನೆಲ್ಲ ಬಣ್ಣದ ಖಾತೆಗೆ ಬರೆಯುವುದು ಲೆಕ್ಕದ ತಪ್ಪು.

ಪೊಲೀಸರ ಕಡೆಯ ಮಾತನ್ನು ತಳ್ಳಿಹಾಕುವಂತಿಲ್ಲ. ನಾಗರಿಕರ ಕೈಯಲ್ಲೇ ಕೋಟಿಗಟ್ಟಲೆ ಬಂದೂಕುಗಳಿರುವ ದೇಶವದು. ನಮ್ಮಲ್ಲಿ ದೀಪಾವಳಿಗೆ ಕೇಪು ಹೊಡೆಯುವ ಹುಡುಗನನ್ನು ಕಂಡು ಯಾರೂ ಪೊಲೀಸರಿಗೆ ಫೋನ್ ಮಾಡುವುದಿಲ್ಲ. ಅಲ್ಲಿ ಮಾಡುವುದು ಹುಚ್ಚುತನವಲ್ಲ. ದರೋಡೆಗೆ ನಕಲಿ ಪಿಸ್ತೂಲು ಬಳಸುವವರಿದ್ದಾರೆ. 2015 ಮತ್ತು 2016ರಲ್ಲಿ ನೈಜವೆಂಬಂತೆ ಕಾಣುವ ನಕಲಿ ಬಂದೂಕು ಹಿಡಿದಿದ್ದ 86 ಮಂದಿ ಪೊಲೀಸರ ಗುಂಡಿಗೆ ಸತ್ತರು ಎಂದು ‘ವಾಷಿಂಗ್ಟನ್ ಪೋಸ್ಟ್’ ಲೆಕ್ಕ ಹಾಕಿತ್ತು. ಅವರಲ್ಲಿ ಹೆಚ್ಚಿನವರು ವಯಸ್ಕರು. ನಾಲ್ಕಡಿ ಎದುರಿಗೆ ಪಿಸ್ತೂಲಿನತ್ತ ಕೈ ಹೋಗುವುದನ್ನು ಕಂಡ ಮನುಷ್ಯ, ಅದು ಅಸಲಿಯೋ ನಕಲಿಯೋ ಎಂದು ಪರೀಕ್ಷೆ ಮಾಡಿ ನೋಡಲಿ ಎನ್ನುವುದು ನ್ಯಾಯವಲ್ಲ. ಒಪ್ಪೋಣ. ಪ್ರಶ್ನೆ ಬೇರೆ: ಅವನು ಆ ನಾಲ್ಕಡಿಗೆ ಬಂದದ್ದು ಹೇಗೆ? ಕಾರನ್ನು ಅಲ್ಲಿಗೆ ಹುಡುಗ ತಂದದ್ದಲ್ಲ. ಅವನ ಸುತ್ತ ಆ ಗಳಿಗೆಯಲ್ಲಿ ಬೆದರಿಕೆಗೆ ಒಳಗಾದ ಇನ್ನೊಬ್ಬರಿರಲಿಲ್ಲ. ದೂರದಲ್ಲಿ ನಿಂತು, ಕಾರಿನ ಮರೆಯಿಂದ ಧ್ವನಿವರ್ಧಕದಲ್ಲಿ ಕೂಗಬಹುದಿತ್ತು. ಅಷ್ಟೇ ಏಕೆ, ಒಹಾಯೊ ರಾಜ್ಯದಲ್ಲಿ ವಯಸ್ಕರು ಬಂದೂಕನ್ನು ಎಲ್ಲರಿಗೂ ಕಾಣುವಂತೆ ಒಯ್ಯುವುದು ಕಾನೂನುಬದ್ಧ. ಪೊಲೀಸರು ಊಹಿಸಿದಂತೆ ಅವನು 20ರ ಯುವಕನೇ ಆಗಿದ್ದು, ಪಿಸ್ತೂಲು ಅಸಲಿಯೇ ಆಗಿದ್ದರೂ, ಅದು ಅವನಲ್ಲಿ ಇದ್ದದ್ದೇ ಅಪರಾಧವಾಗುತ್ತಿರಲಿಲ್ಲ.

ವಯಸ್ಸಿನ ಆ ಊಹೆ ಬರಿಯ ಕಣ್ತಪ್ಪೂ ಅಲ್ಲ. ಮನಶ್ಶಾಸ್ತ್ರಜ್ಞ ಫಿಲಿಪ್ ಗಾಫ್ ಮತ್ತು ಸಂಗಡಿಗರು ಅದೇ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಂಭೀರ ಅಪರಾಧದ ಆರೋಪ ಹೊತ್ತ ಕಪ್ಪು ಹುಡುಗರ ವಯಸ್ಸನ್ನು ಕಾಲೇಜು ವಿದ್ಯಾರ್ಥಿಗಳು ಸರಾಸರಿ 4.5 ವರ್ಷ ಹೆಚ್ಚಾಗಿ ಅಂದಾಜಿಸಿದ್ದರು. ನೋಡುವವನ ತಲೆಯೊಳಗೇ ಇಂಥ ತಕ್ಕಡಿ ಇರುವಾಗ, ನೋಡಲು ಸಿಗುವ ಸಮಯವೂ ಎರಡು ಸೆಕೆಂಡಾದರೆ, ಫಲ ಏನೆಂದು ಮೊದಲೇ ಹೇಳಬಹುದು.

ನ್ಯಾಯಾಲಯಗಳು ಮಾತ್ರ ಬಹುಕಾಲ ಆ ಎರಡು ಸೆಕೆಂಡನ್ನೇ ಭೂತಗನ್ನಡಿಯಲ್ಲಿ ನೋಡುತ್ತಾ ಬಂದವು. ಅಮೆರಿಕದ ಸುಪ್ರೀಂ ಕೋರ್ಟಿನ 1989ರ ‘ಗ್ರಹಾಂ ವಿರುದ್ಧ ಕಾನರ್’ ತೀರ್ಪು, ಬಲಪ್ರಯೋಗವನ್ನು ಸ್ಥಳದಲ್ಲಿದ್ದ ವಿವೇಕಿ ಅಧಿಕಾರಿಯ ಕಣ್ಣಿನಿಂದ ಅಳೆಯಬೇಕು, ಎಲ್ಲ ಮುಗಿದ ಮೇಲಿನ ಜಾಣತನದಿಂದಲ್ಲ ಎಂದಿತು. ಮಾತು ಸರಿಯೇ. ಆದರೆ ಕೆಲವು ಕೆಳ ನ್ಯಾಯಾಲಯಗಳು ಅದನ್ನು ಹಿಂಡಿ, ಗುಂಡು ಹಾರಿದ ಕ್ಷಣವೊಂದೇ ಮುಖ್ಯ, ಅದಕ್ಕೆ ಮುಂಚಿನದು ಲೆಕ್ಕಕ್ಕಿಲ್ಲ ಎಂಬಲ್ಲಿಗೆ ಒಯ್ದವು. ತಮೀರ್ ಪ್ರಕರಣದಲ್ಲಿ ಪ್ರಾಸಿಕ್ಯೂಟರ್ ತರಿಸಿಕೊಂಡ ತಜ್ಞರ ವರದಿಗಳೂ ಕಾರು ಎಲ್ಲಿ ನಿಲ್ಲಬೇಕಿತ್ತು ಎಂಬುದನ್ನು ಬದಿಗಿಟ್ಟೇ ಗುಂಡೇಟನ್ನು ಸಮರ್ಥಿಸಿದವು. 2015ರ ಡಿಸೆಂಬರ್‌ನಲ್ಲಿ ಗ್ರ್ಯಾಂಡ್ ಜ್ಯೂರಿ ಯಾರ ಮೇಲೂ ಮೊಕದ್ದಮೆ ಹೂಡಲಿಲ್ಲ. ಈ ಕಿರಿದಾದ ನೋಟವನ್ನು ಸುಪ್ರೀಂ ಕೋರ್ಟ್ ಸರ್ವಾನುಮತದಿಂದ ತಿರಸ್ಕರಿಸಿದ್ದು 2025ರ ಮೇನಲ್ಲಿ, ‘ಬಾರ್ನ್ಸ್ ವಿರುದ್ಧ ಫೆಲಿಕ್ಸ್’ ಎಂಬ ಬೇರೊಂದು ಪ್ರಕರಣದಲ್ಲಿ: ಆ ಕ್ಷಣವೊಂದನ್ನೇ ಅಲ್ಲ, ಅದರ ಹಿಂದಿನದನ್ನೂ ಸೇರಿಸಿ ಇಡೀ ಸನ್ನಿವೇಶವನ್ನು ನೋಡಬೇಕು ಎಂದು.

ಪೊಲೀಸರು ದೂರ ನಿಂತು ನಿಧಾನಿಸಿದರೆ ಅವರೇ ಸಾಯುತ್ತಾರೆ ಎನ್ನುವುದು ಕೊನೆಯ ಆಕ್ಷೇಪ, ಮತ್ತು ಹೆಚ್ಚು ತೂಕದ್ದು. ಇದಕ್ಕೆ ಉತ್ತರ ಊಹೆಯಲ್ಲಿ ಹುಡುಕಬೇಕಾಗಿಲ್ಲ. ಅಂತರ ಕಾಯ್ದುಕೊಳ್ಳುವುದು, ಮರೆಯಲ್ಲಿ ನಿಲ್ಲುವುದು, ಮಾತಿನಿಂದ ಸಮಯ ಗಳಿಸುವುದು, ಇವನ್ನು ಕಲಿಸುವ ‘ಐಕ್ಯಾಟ್’ ಎಂಬ ತರಬೇತಿಯನ್ನು ಕೆಂಟಕಿಯ ಲೂಯಿವಿಲ್ ಪೊಲೀಸರಿಗೆ ಕೊಟ್ಟ ಮೇಲೆ ಸಂಶೋಧಕರು ಲೆಕ್ಕ ನೋಡಿದರು. ಬಲಪ್ರಯೋಗದ ಘಟನೆಗಳು ಶೇ 28ರಷ್ಟು, ನಾಗರಿಕರ ಗಾಯಗಳು ಶೇ 26ರಷ್ಟು ಇಳಿದಿದ್ದವು. ಪೊಲೀಸರ ಗಾಯಗಳು ಇಳಿದದ್ದು ಎಲ್ಲಕ್ಕಿಂತ ಹೆಚ್ಚು, ಶೇ 36. ಒಂದೇ ನಗರದ ಫಲ ಇದು, ಎಲ್ಲೆಡೆಗೂ ಹೊಂದುತ್ತದೆ ಎಂದು ಪಣ ಕಟ್ಟಲಾರೆ. ಆದರೆ ದೂರ ನಿಂತರೆ ಪೊಲೀಸನೇ ಬಲಿಯಾಗುತ್ತಾನೆ ಎನ್ನುವವರು ಈ ಕೊನೆಯ ಅಂಕಿಯನ್ನು ವಿವರಿಸಬೇಕಾಗುತ್ತದೆ. ನಿಂತು ನೋಡುವುದು ಹುಡುಗನಿಗೆ ಮಾಡುವ ಉಪಕಾರವಷ್ಟೇ ಅಲ್ಲ. ಪಿಸ್ತೂಲು ಅಸಲಿಯಾಗಿದ್ದರೆ ಆ ಅಂತರವೇ ಪೊಲೀಸನ ರಕ್ಷೆ.

ಕ್ಲೀವ್‌ಲ್ಯಾಂಡ್ ನಗರ ತಮೀರನ ಕುಟುಂಬಕ್ಕೆ 60 ಲಕ್ಷ ಡಾಲರ್ ಕೊಟ್ಟು ದಾವೆ ಮುಗಿಸಿತು, ತಪ್ಪೊಪ್ಪಿಗೆಯಿಲ್ಲದೆ. ಗುಂಡು ಹಾರಿಸಿದ ಅಧಿಕಾರಿ 2017ರಲ್ಲಿ ಕೆಲಸ ಕಳೆದುಕೊಂಡದ್ದು ಆ ಗುಂಡಿಗಾಗಿ ಅಲ್ಲ, ನೌಕರಿಯ ಅರ್ಜಿಯಲ್ಲಿ ಹಿಂದಿನ ಇಲಾಖೆಯ ಪ್ರತಿಕೂಲ ಅಭಿಪ್ರಾಯವನ್ನು ಮುಚ್ಚಿಟ್ಟದ್ದಕ್ಕೆ. ಕಾರನ್ನು ಹುಲ್ಲಿನ ಮೇಲೆ ಓಡಿಸಿದವನಿಗೆ 10 ದಿನದ ಅಮಾನತು. ‘ಬಹುಶಃ ನಕಲಿ’ ಎಂಬ ಮಾತನ್ನು ದಾಟಿಸದೆ ಬಿಟ್ಟ ಸಿಬ್ಬಂದಿಗೆ 8 ದಿನ.