ಡಬ್ಬಿ ಒಂದೇ, ಚೀಟಿ ನಾಲ್ಕು

ಟಿವಿ ಪಕ್ಕದಲ್ಲಿ ಹಳೆಯ ಬಿಸ್ಕತ್ತಿನ ಡಬ್ಬಿ. ಮುಚ್ಚಳ ತೆಗೆದರೆ ಬಿಪಿಗೆ ಟೆಲ್ಮಿಸಾರ್ಟನ್, ಅದರೊಳಗೇ ಬೆರೆತ ನೀರಿನ ಮಾತ್ರೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಥೈರಾಯ್ಡ್ ಮಾತ್ರೆಯ ಪುಟ್ಟ ಬಾಟಲಿ, ಕ್ಯಾಲ್ಸಿಯಂ. ಎಲ್ಲಕ್ಕಿಂತ ಕೆಳಗೆ, ಅರ್ಧ ಖಾಲಿಯಾದ ಮಂಡಿನೋವಿನ ಮಾತ್ರೆಯ ಶೀಟು. ತೂಕ ತೊಂಬತ್ತು ಕಿಲೋ ದಾಟಿದ ಐವತ್ತು, ಅರವತ್ತರ ಹೆಂಗಸರ ಮನೆಯಲ್ಲಿ ಇಂಥ ಡಬ್ಬಿ ಅಪರೂಪವೇನಲ್ಲ. ಚೀಟಿ ಬರೆದವರು ಮೂರು ನಾಲ್ಕು ಡಾಕ್ಟರು. ನೋವಿನ ಮಾತ್ರೆಗಂತೂ ಚೀಟಿಯೇ ಇಲ್ಲ.

ಬೊಜ್ಜು ಒಂಟಿಯಾಗಿ ಬರುವುದು ಕಡಿಮೆ. ಬಿಪಿ, ಸಕ್ಕರೆ, ಮಂಡಿನೋವು, ಗೊರಕೆ ಹಿಂದೆಯೇ ಬರುತ್ತವೆ. ಒಂದೊಂದಕ್ಕೂ ಒಂದೊಂದು ಮಾತ್ರೆ ಸೇರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 24ರಷ್ಟು ಮಂದಿಗೆ ತೂಕ ಹೆಚ್ಚು.

ಡಬ್ಬಿಯಲ್ಲಿ ಹೆಚ್ಚು ಭಯಪಡಬೇಕಾದದ್ದು ಆ ಅಡಿಯ ಶೀಟಿಗೆ. ಮೂತ್ರಪಿಂಡದ ಸೋಸುಗಂಟಿಗೆ ರಕ್ತ ಒಂದು ಕೊಳವೆಯಿಂದ ಒಳಬಂದು ಇನ್ನೊಂದರಿಂದ ಹೊರಹೋಗುತ್ತದೆ. ನಡುವಿನ ಒತ್ತಡವೇ ಸೋಸುವ ಶಕ್ತಿ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಒಳಬರುವ ದಾರಿಯನ್ನು ಕಿರಿದು ಮಾಡುತ್ತದೆ. ಟೆಲ್ಮಿಸಾರ್ಟನ್ ಹೊರಹೋಗುವ ದಾರಿಯನ್ನು ಸಡಿಲಿಸುತ್ತದೆ. ನೀರಿನ ಮಾತ್ರೆ ಮೈಯೊಳಗಿನ ನೀರನ್ನೇ ಇಳಿಸುತ್ತದೆ. ಬಿಪಿಯ ಮಾತ್ರೆಗಳೆರಡನ್ನೂ ಡಾಕ್ಟರು ಯೋಚಿಸಿಯೇ ಬರೆದಿರುತ್ತಾರೆ. ಅವುಗಳಿಗೆ ನೋವಿನ ಮಾತ್ರೆ ಮೂರನೆಯದಾಗಿ ಸೇರಿ, ಮೇಲೆ ವಾಂತಿಯೋ ಭೇದಿಯೋ ಆದರೆ ಮೂತ್ರಪಿಂಡ ಸೋತದ್ದನ್ನು ತೋರಿಸುವ ಕ್ರಿಯಾಟಿನಿನ್ ಕೆಲವೇ ದಿನಗಳಲ್ಲಿ ರಕ್ತದಲ್ಲಿ ಏರಬಹುದು. ಡೈಕ್ಲೋಫೆನಾಕ್ ಮಾತ್ರೆಯನ್ನು ಕಾನೂನಿನ ಪ್ರಕಾರ ಚೀಟಿಯಿಲ್ಲದೆ ಕೊಡುವಂತಿಲ್ಲ. ಆದರೆ ಮೆಡಿಕಲ್ ಶಾಪಿನಲ್ಲಿ "ಮಂಡಿನೋವಿಗೆ ಏನಾದರೂ ಕೊಡಿ" ಎಂದರೆ ಸಾಕು, ಸಿಕ್ಕಿಬಿಡುತ್ತದೆ. ಇದು ನಿಲ್ಲಲೇಬೇಕು.

ಥೈರಾಯ್ಡ್ ಮಾತ್ರೆಯ ಕಥೆ ಇಷ್ಟು ಭಯಂಕರವಲ್ಲ, ಆದರೆ ಸುತ್ತಿಸುತ್ತದೆ. ಬೆಳಿಗ್ಗೆ ಅದರ ಜೊತೆಗೇ ಕ್ಯಾಲ್ಸಿಯಂ ನುಂಗಿದರೆ ಎರಡೂ ಹೊಟ್ಟೆಯಲ್ಲೇ ಅಂಟಿಕೊಂಡು ಥೈರಾಕ್ಸಿನ್ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಸುಸ್ತು ಹೋಗುವುದಿಲ್ಲ, ತೂಕ ಇಳಿಯುವುದಿಲ್ಲ, ಪರೀಕ್ಷೆಯಲ್ಲಿ ಟಿಎಸ್‌ಎಚ್ ಹೆಚ್ಚೇ ಬರುತ್ತದೆ, ಡೋಸು ಏರುತ್ತದೆ. ನಡುವೆ ನಾಲ್ಕು ಗಂಟೆ ಬಿಟ್ಟಿದ್ದರೆ ಹಳೆಯ ಡೋಸೇ ಸಾಕಾಗುತ್ತಿತ್ತೇನೋ.

ದೇಹದ ಕೊಬ್ಬೂ ಸುಮ್ಮನಿರುವುದಿಲ್ಲ. ಡಯಾಜೆಪಾಮ್‌ನಂಥ ನಿದ್ದೆ ಮಾತ್ರೆ ಕೊಬ್ಬಿನಲ್ಲಿ ಕರಗಿ ಅಲ್ಲೇ ಉಳಿದು, ದಿನಗಟ್ಟಲೆ ಮೆಲ್ಲಗೆ ಹೊರಬರುತ್ತದೆ. ಜೋರು ಗೊರಕೆಯ ನಡುವೆ ಉಸಿರು ತಡೆದು ತಡೆದು ಬರುವವರಿಗೆ ಇದು ಅಪಾಯ. ಮಂಪರು ತರಿಸುವ ಕೆಮ್ಮಿನ ಸಿರಪ್ಪೂ ಸೇರಿದರೆ ಇನ್ನೂ ಹೆಚ್ಚು.

ಈಗ ಡಬ್ಬಿಗೆ ಹೊಸ ಅತಿಥಿ ಬಂದಿದೆ, ಅದರ ಜಾಗ ಫ್ರಿಜ್ಜಿನಲ್ಲಿ. 2025ರ ಮಾರ್ಚಿನಲ್ಲಿ ಟಿರ್ಜೆಪಟೈಡ್, ಜೂನ್‌ನಲ್ಲಿ ತೂಕ ಇಳಿಸಲೆಂದೇ ಇರುವ ಸೆಮಾಗ್ಲುಟೈಡ್ ಇಂಜೆಕ್ಷನ್ ಭಾರತದ ಮಾರುಕಟ್ಟೆಗೆ ಬಂದವು. ಒಳ್ಳೆಯ ಔಷಧಿಗಳೇ. ಆದರೆ ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಹಳೆಯ ಡೋಸಿನಲ್ಲೇ ಉಳಿದರೆ ಸಕ್ಕರೆ ಅತಿಯಾಗಿ ಕುಸಿದು ಬೆವರು, ನಡುಕ, ತಲೆಸುತ್ತು ಬರಬಹುದು. ತೂಕ ಇಳಿದಂತೆ ಬಿಪಿಯೂ ಇಳಿಯುತ್ತದೆ, ಮಾತ್ರೆ ಮಾತ್ರ ಇಳಿದಿರುವುದಿಲ್ಲ. ಶುರುವಿನ ವಾರಗಳ ವಾಂತಿ ಜಾಸ್ತಿಯಾದರೆ ಮತ್ತೆ ಮೂತ್ರಪಿಂಡದ ಲೆಕ್ಕಕ್ಕೇ ಬಂದು ನಿಲ್ಲುತ್ತೇವೆ. ಟಿರ್ಜೆಪಟೈಡ್ ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುವುದರಿಂದ ಗರ್ಭನಿರೋಧಕ ಮಾತ್ರೆಯ ಬಲ ಕುಗ್ಗಬಹುದು. ಶುರು ಮಾಡಿದ ಮೇಲೆ ಮತ್ತು ಪ್ರತಿ ಸಲ ಡೋಸು ಏರಿಸಿದ ಮೇಲೆ ನಾಲ್ಕು ವಾರ ಬೇರೆ ವಿಧಾನವೂ ಬೇಕು. ಆಪರೇಷನ್ ಇದ್ದರೆ ಅರಿವಳಿಕೆ ಡಾಕ್ಟರಿಗೆ ಇಂಜೆಕ್ಷನ್ ವಿಷಯ ಮೊದಲೇ ಹೇಳಬೇಕು.

ಹಾಗೆಂದು ಡಾಕ್ಟರು ಬರೆದ ಯಾವ ಮಾತ್ರೆಯನ್ನೂ ತಾವಾಗಿ ನಿಲ್ಲಿಸಬಾರದು. ಮುಂದಿನ ಸಲ ಡಾಕ್ಟರ ಬಳಿ ಹೋಗುವಾಗ ಇಡೀ ಡಬ್ಬಿಯನ್ನು ಚೀಲಕ್ಕೆ ಸುರಿದುಕೊಂಡು ಹೋಗಿ ಮೇಜಿನ ಮೇಲೆ ಹರಡಿ: ಚೀಟಿ ಇದ್ದದ್ದು, ಇಲ್ಲದ್ದು, ಪಕ್ಕದ ಮನೆಯವರು ಕೊಟ್ಟ ತೂಕ ಇಳಿಸುವ ಪುಡಿ, ಅಡಿಯಲ್ಲಿ ಉಳಿದ ಆ ಅರ್ಧ ಶೀಟು ಕೂಡ.