ಪಿಲ್ಲರ್ ಕಂಬಿ ಬಿಟ್ಟಿದ್ದರೆ ಸಾಕೆ?

"ಕಂಬಿ ಬಿಟ್ಟಿದ್ದೀವಿ, ಯಾವಾಗ ಬೇಕಾದರೂ ಮಹಡಿ ಏರಿಸಬಹುದು." ಬೆಂಗಳೂರಿನ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿದವರ ಬಾಯಲ್ಲಿ ಈ ಮಾತು ಸದಾ ಕೇಳುತ್ತದೆ. ಒಮ್ಮೆ ತಾರಸಿ ಹತ್ತಿ ಆ ಕಂಬಿ ನೋಡಿ. ಹತ್ತಾರು ಮಳೆಗಾಲ ನೆನೆದದ್ದನ್ನು ಉಜ್ಜಿದರೆ ಕೆಂಪು ಹಕ್ಕಳೆ ಉದುರುತ್ತದೆ, ಬುಡದ ಕಾಂಕ್ರೀಟು ಸೀಳಿರುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಸುತ್ತಲ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಕಟ್ಟಿದಾಗಲೇ ಆ ತುದಿಗಳನ್ನು ತೆಳು ಕಾಂಕ್ರೀಟಿನಲ್ಲಿ ಮುಚ್ಚಿಸಿದ್ದರೆ ಉಳಿಯುತ್ತಿದ್ದವು.

ಕಂಬಿ ಚೆನ್ನಾಗಿದ್ದರೂ ಭಾರ ಹೊರುವುದು ಪಾಯ. ಅದನ್ನು ಎಷ್ಟು ಅಂತಸ್ತಿಗೆ ಹಾಕಿದ್ದರು ಎಂಬುದು ಹಳೆಯ ಸ್ಟ್ರಕ್ಚರಲ್ ಡ್ರಾಯಿಂಗಿನಲ್ಲಿರುತ್ತದೆ. ಅದು ಸಿಗದಿದ್ದರೆ ಇಂಜಿನಿಯರ್ ಪಿಲ್ಲರ್ ಪಕ್ಕ ಗುಂಡಿ ತೆಗೆಸಿ ಅಳತೆ ನೋಡಬೇಕು, ಕಾಂಕ್ರೀಟಿನ ಗಟ್ಟಿತನ ಪರೀಕ್ಷಿಸಬೇಕು. ಎಷ್ಟೇ ಅನುಭವವಿದ್ದರೂ ಮಣ್ಣೊಳಗಿನದು ಮೇಸ್ತ್ರಿಗೂ ಕಾಣದು. ಮಹಡಿಯ ಖರ್ಚಿನ ಮುಂದೆ ಈ ತಪಾಸಣೆಯದು ಚಿಲ್ಲರೆ ಹಣ. ದಯವಿಟ್ಟು ಇಲ್ಲಿ ಉಳಿತಾಯ ಮಾಡಬೇಡಿ.

ಹುಬ್ಬಳ್ಳಿ-ಧಾರವಾಡದ ಎರೆಮಣ್ಣಿನಲ್ಲಿ ಪಕ್ಕಕ್ಕೆ ಕೋಣೆ ಎಳೆಯುವವರ ತೊಂದರೆ ಬೇರೆ. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಹಳೆಯ ಪಾಯ ಕೂತಾಗಿದೆ, ಹೊಸದು ಇನ್ನು ಕೂರಬೇಕು. ಎರಡು ಗೋಡೆಗಳನ್ನು ಬೆಸೆದುಬಿಟ್ಟರೆ ಸೇರಿದ ಜಾಗದಲ್ಲೇ ಬಿರುಕು ಬೀಳುತ್ತದೆ. ನಡುವೆ ಸಂದು ಬಿಟ್ಟು ಕಟ್ಟಿಸುವುದು ಒಳ್ಳೆಯದು.

ಇನ್ನು "ಪಾಯ, ಸೈಟು ಇದ್ದೇ ಇದೆ, ಹೊಸ ಮನೆಗಿಂತ ಅಗ್ಗ" ಎಂಬ ಲೆಕ್ಕ. ಚದರಕ್ಕೆ ಇಷ್ಟು ಎಂದು ಹೇಳುವ ದರದಲ್ಲಿ ಹಳೆಯದನ್ನು ಒಡೆಯುವ ಕೂಲಿ, ಒಡೆದ ಮಣ್ಣು ಸಾಗಿಸುವ ಲಾರಿ, ಇಟ್ಟಿಗೆ-ಮರಳು ಮೇಲೆ ಹೊರುವ ಕೂಲಿ, ದೊಡ್ಡ ಟ್ಯಾಂಕು, ಹೊಸ ಮೀಟರು ಬಹುಪಾಲು ಸೇರಿರುವುದಿಲ್ಲ. ಇವನ್ನೆಲ್ಲ ಬರೆಸಿಕೊಂಡ ಮೇಲಷ್ಟೇ ಅಡ್ವಾನ್ಸ್ ಕೊಡಿ.

"ಬಾಡಿಗೆಯಲ್ಲೇ ಸಾಲ ತೀರುತ್ತದೆ" ಎಂಬ ಮಾತನ್ನೂ ಕಾಗದದ ಮೇಲೆ ಹಾಕಿ ನೋಡೋಣ. ಮಹಡಿಗೆ 25 ಲಕ್ಷ, ಬಾಡಿಗೆ ತಿಂಗಳಿಗೆ 15,000 ಎಂದಿಟ್ಟುಕೊಳ್ಳಿ. ವರ್ಷಕ್ಕೆ 1.8 ಲಕ್ಷ. ಶೇ 9ರ ಸಾಲವಾದರೆ ಮೊದಲ ವರ್ಷದ ಬಡ್ಡಿಯೊಂದೇ ಸುಮಾರು 2.25 ಲಕ್ಷ. ಮನೆ ಖಾಲಿ ಇರುವ ತಿಂಗಳು, ಸುಣ್ಣಬಣ್ಣ, ಹೆಚ್ಚುವ ಕಂದಾಯ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಕೈಯಲ್ಲಿ ದುಡ್ಡಿದ್ದವರ ಮಾತು ಬೇರೆ.

ಮಾರುವಾಗ ಹಾಕಿದ್ದೆಲ್ಲ ಬರುತ್ತದೆಯೆ? ಊರು ಬೆಳೆದಂತೆ ಏರುವುದು ನೆಲದ ಬೆಲೆ. ಕಟ್ಟಡಕ್ಕೆ ಬ್ಯಾಂಕಿನ ಮೌಲ್ಯಮಾಪಕರು ವರ್ಷವರ್ಷವೂ ಸವಕಳಿ ಕಳೆಯುತ್ತಾರೆ. ನಿಮಗೆ ಮೆಚ್ಚಿಗೆಯಾದ ಮಾಡ್ಯುಲರ್ ಕಿಚನ್ನನ್ನು ಕೊಂಡವರು ಕಿತ್ತುಹಾಕಬಹುದು. ಮಂಡಿ ನೋಯುವ ಅಮ್ಮನಿಗೆ ಕೆಳಗೊಂದು ಕೋಣೆ, ಬಚ್ಚಲು ಬೇಕೆಂದರೆ ಧಾರಾಳವಾಗಿ ಕಟ್ಟಿಸಿ. ಆ ಖರ್ಚಿಗೆ ಮರುಮಾರಾಟದ ಸಮರ್ಥನೆ ಬೇಕಿಲ್ಲ.

"ಆಮೇಲೆ ಅಕ್ರಮ-ಸಕ್ರಮದಲ್ಲಿ ಸರಿಮಾಡಿಸಿಕೊಂಡರಾಯಿತು" ಎಂದು ನೆಚ್ಚಿ ಅನುಮತಿ ಮೀರಿ ಕಟ್ಟಬೇಡಿ. ಆ ಯೋಜನೆಗೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. ಅನುಮತಿ ಮೀರಿದ ಕಟ್ಟಡಗಳ ಬಗ್ಗೆ 2024ರ ಡಿಸೆಂಬರಿನಲ್ಲಿ ಅದೇ ಕೋರ್ಟು ಇನ್ನೂ ಬಿಗಿಯಾದ ತೀರ್ಪು ಕೊಟ್ಟಿದೆ.

ಬಿಲ್ಲುಗಳನ್ನು ಮಾತ್ರ ಎಸೆಯಬೇಡಿ. ಬರೀ ಸುಣ್ಣಬಣ್ಣ, ಸಣ್ಣ ರಿಪೇರಿಯ ಖರ್ಚನ್ನಲ್ಲದಿದ್ದರೂ, ಕೋಣೆ, ಮಹಡಿ ಸೇರಿಸಿದ ಖರ್ಚನ್ನು ಮನೆ ಮಾರುವಾಗ ಬಂಡವಾಳ ಲಾಭದಿಂದ ಕಳೆಯಬಹುದು. ದಾಖಲೆ ಇಲ್ಲದಿದ್ದರೆ ತೆರಿಗೆ ಅಧಿಕಾರಿಗಳು ಅದನ್ನು ಒಪ್ಪುವುದು ಕಷ್ಟ.