ಗಾಜಿನ ತೊಟ್ಟಿಯಲ್ಲಿ ಜೀವಂತ ಹವಳ

ಹವಳವೆಂದೊಡನೆ ನಮಗೆ ನೆನಪಾಗುವುದು ಅಜ್ಜಿಯಂದಿರ ಕೊರಳಿನ ಕೆಂಪು ಸರ. ನವರತ್ನಗಳಲ್ಲಿ ಒಂದೆಂದು ಎಣಿಸಲ್ಪಟ್ಟ ಈ ವಸ್ತುವನ್ನು ಬಹುಕಾಲ ಕೆಲವರು ಕಲ್ಲೆಂದೂ ಕೆಲವರು ಕಡಲ ಗಿಡವೆಂದೂ ತಿಳಿದಿದ್ದರು. 18ನೆಯ ಶತಮಾನದ ಆದಿಭಾಗದಲ್ಲಿ ಫ್ರಾನ್ಸಿನ ಮಾರ್ಸೇಲ್ಸಿನ ವೈದ್ಯ ಪೇಸೊನೆಲ್ ಇದು ಪ್ರಾಣಿಗಳ ಕೆಲಸವೆಂದು ಹೇಳಿದಾಗ ಪ್ಯಾರಿಸಿನ ವಿದ್ವಾಂಸರು ಒಪ್ಪಲಿಲ್ಲ. ಇಂದು ಆ ಬಗ್ಗೆ ಸಂಶಯವಿಲ್ಲ. ಸರದ ಕೆಂಪು ಹವಳ ಮೆಡಿಟರೇನಿಯನ್ ಸಮುದ್ರದ್ದು. ಕಡಲಿನಲ್ಲಿ ಸುಣ್ಣದ ದಿಬ್ಬ ಕಟ್ಟಿ ದ್ವೀಪಗಳನ್ನೇ ಎಬ್ಬಿಸುವ ಗಟ್ಟಿಹವಳಗಳದು ಬೇರೆಯೇ ಕುಲ.

ಈ ಗಟ್ಟಿಹವಳವನ್ನು ಜೀವಂತವಾಗಿ ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕುವ ಹವ್ಯಾಸ ಯೂರೋಪು, ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಹರಡಿದೆ. ಇದಕ್ಕೆ ದಾರಿ ತೋರಿದವರಲ್ಲಿ ಇಂಡೋನೇಷ್ಯದ ಜಕಾರ್ತದ ಲೀ ಚಿನ್ ಎಂಗ್ ಒಬ್ಬರು. ಕಡಲಿನಿಂದಲೇ ತಂದ ನೀರು, ಸೂಕ್ಷ್ಮಜೀವಿಗಳು ತುಂಬಿದ ಬಂಡೆಯ ತುಂಡುಗಳು ಮತ್ತು ಗಾಳಿಗುಳ್ಳೆಗಳಿಂದ ತೊಟ್ಟಿಯನ್ನು ನಡೆಸುವ ತಮ್ಮ ಕ್ರಮವನ್ನು ಅವರು 1961ರಲ್ಲಿ ಪ್ರಕಟಿಸಿದರು.

ಯಾವ ಹವಳ?

ಹವ್ಯಾಸಿಗಳ ಮೆಚ್ಚಿನವುಗಳಲ್ಲಿ ಒಂದು ಆಸ್ಟ್ರೇಲಿಯದ ಲಾರ್ಡ್ ಹೋವ್ ದ್ವೀಪದ ಹೆಸರು ಹೊತ್ತ ಹವಳ. 1982ರಲ್ಲಿ ವಿಜ್ಞಾನಿಗಳು ಇದಕ್ಕೆ ಅಕಾಂತಾಸ್ಟ್ರಿಯ ಲಾರ್ಡ್‌ಹೋವೆನ್ಸಿಸ್ ಎಂದು ಹೆಸರಿಟ್ಟರು. 2016ರಲ್ಲಿ ಅದನ್ನು ಮೈಕ್ರೊಮುಸ್ಸ ಎಂಬ ಕುಲಕ್ಕೆ ಸೇರಿಸಲಾಯಿತು. ಗುಂಡಿಗಳನ್ನು ಒತ್ತೊತ್ತಾಗಿ ಜೋಡಿಸಿದಂತೆ ಕಾಣುವ ಇದರ ಒಂದೊಂದು ಗುಂಡಿಯೂ ಒಂದು ಬಾಯುಳ್ಳ ಪ್ರಾಣಿ. ಕೆಂಪು, ಕಿತ್ತಳೆ, ಹಸಿರು, ನೇರಳೆ, ನೀಲಿ ಬಣ್ಣಗಳು ಒಂದೇ ತುಂಡಿನಲ್ಲಿ ಸೇರಿರುವುದೂ ಉಂಟು.

ಇದರ ಮಾಂಸದೊಳಗೆ ಕಣ್ಣಿಗೆ ಕಾಣದ ಪಾಚಿಕಣಗಳು ವಾಸಿಸುತ್ತವೆ. ಅವು ಬೆಳಕಿನಿಂದ ಆಹಾರ ತಯಾರಿಸಿ ಅದರ ಬಹುಪಾಲನ್ನು ಹವಳಕ್ಕೆ ಕೊಡುತ್ತವೆ. ಹವಳ ಅವಕ್ಕೆ ಆಶ್ರಯ ಕೊಡುತ್ತದೆ. ಈ ಕೊಡುಕೊಳ್ಳುವಿಕೆ ಕೆಡದಂತೆ ನೋಡಿಕೊಳ್ಳುವುದೇ ಸಾಕುವವನ ಮುಖ್ಯ ಕೆಲಸ.

ನೀರೇ ಜೀವಾಳ

ತೊಟ್ಟಿ ಕಟ್ಟಿದ ದಿನವೇ ಹವಳವನ್ನು ಇಳಿಸಬಾರದು. ಕೊಳೆತದಿಂದ ಹುಟ್ಟುವ ಅಮೋನಿಯವನ್ನು ಬ್ಯಾಕ್ಟೀರಿಯಗಳು ಮೊದಲು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸಬೇಕು. ಇದು ನೆಲೆಗೊಳ್ಳಲು ಹಲವು ವಾರಗಳು ಬೇಕು. ಗಟ್ಟಿಹವಳಕ್ಕಾದರೆ ಕೆಲವು ತಿಂಗಳು ಕಾಯುವುದು ಲೇಸು.

ನೀರಿನ ಉಷ್ಣತೆ 24ರಿಂದ 26 ಡಿಗ್ರಿ ಸೆಲ್ಸಿಯಸ್ ಇರಬೇಕು. ಲವಣಾಂಶ ಕಿಲೋಗ್ರಾಮಿಗೆ ಸುಮಾರು 35 ಗ್ರಾಂ. ತೊಟ್ಟಿಯ ನೀರು ಆವಿಯಾದಾಗ ಉಪ್ಪು ಹೋಗುವುದಿಲ್ಲ, ಅಲ್ಲಿಯೇ ಉಳಿಯುತ್ತದೆ. ಆದ್ದರಿಂದ ತುಂಬಿಸಬೇಕಾದುದು ಶುದ್ಧೀಕರಿಸಿದ ಸಿಹಿನೀರು. ಉಪ್ಪುನೀರು ತುಂಬಿಸಿದರೆ ಲವಣ ದಿನೇ ದಿನೇ ಏರುತ್ತದೆ. ತಾಮ್ರದ ಪಾತ್ರೆಯನ್ನಾಗಲಿ, ಮೀನಿನ ಕಾಯಿಲೆಗೆ ಕೊಡುವ ತಾಮ್ರದ ಔಷಧವನ್ನಾಗಲಿ ಈ ನೀರಿಗೆ ಸೋಕಿಸಕೂಡದು. ಮೀನು ಬದುಕಬಹುದು, ಹವಳ ಉಳಿಯದು.

ಎಲುಬು ಕಟ್ಟಲು ಹವಳಕ್ಕೆ ಬೇಕಾದುದು ಸುಣ್ಣ. ಲೀಟರಿಗೆ 400ರಿಂದ 450 ಮಿಲಿಗ್ರಾಂ ಕ್ಯಾಲ್ಸಿಯಂ ಇರಬೇಕು; ಮೆಗ್ನೀಷಿಯಂ ಸುಮಾರು 1,300 ಮಿಲಿಗ್ರಾಂ. ನೀರಿನ ಕ್ಷಾರಶಕ್ತಿ ಜರ್ಮನ್ ಮಾನದಲ್ಲಿ 8ರಿಂದ 10 ಡಿಗ್ರಿ ಇದ್ದು, ದಿನದಿಂದ ದಿನಕ್ಕೆ ಏರಿಳಿಯದಿರಬೇಕು. ಸ್ವಿಟ್ಸರ್ಲೆಂಡಿನ ಪೀಟರ್ ವಿಲ್ಕೆನ್ಸ್ ಇದಕ್ಕಾಗಿ ತಿಳಿ ಸುಣ್ಣದ ನೀರನ್ನು ಬಳಕೆಗೆ ತಂದರು. ನಮ್ಮ ಎಲೆಯಡಿಕೆಯ ಸುಣ್ಣವೂ ಮೂಲತಃ ಅದೇ ಪದಾರ್ಥವೆಂಬುದು ವಾಚಕರಿಗೆ ಸ್ವಾರಸ್ಯವೆನಿಸಬಹುದು. ಆದರೆ ತೊಟ್ಟಿಗೆ ಕಲಬೆರಕೆಯಿಲ್ಲದ ಸುಣ್ಣವೇ ಆಗಬೇಕು. ಅದರ ತಿಳಿಯನ್ನು ಹನಿಹನಿಯಾಗಿ ಬಿಡಬೇಕು. ಒಮ್ಮೆಗೇ ಸುರಿದರೆ ಕ್ಷಾರ ಹೆಚ್ಚಿ ಎಲ್ಲವೂ ಸಾಯುತ್ತವೆ.

ಬೆಳಕು, ಆಹಾರ, ನೆರೆಹೊರೆ

ಈ ಹವಳಕ್ಕೆ ಪ್ರಖರ ಬೆಳಕು ಬೇಡ. ತೊಟ್ಟಿಯ ತಳಭಾಗದಲ್ಲಿ, ಮಂದವಾಗಿ ನೀರು ಹರಿಯುವೆಡೆ ಇಟ್ಟರೆ ಸಾಕು. ಹೊಸ ತುಂಡನ್ನು ಮೊದಲು ನೆರಳಿನಲ್ಲಿಟ್ಟು ಕ್ರಮೇಣ ಬೆಳಕಿಗೆ ಒಗ್ಗಿಸಬೇಕು. ಬೆಳಕು ಅಥವಾ ಬಿಸಿ ಅತಿಯಾದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚುತ್ತದೆ.

ದೀಪ ಆರಿದ ಮೇಲೆ ಅದರ ಬಾಯಿಯ ಸುತ್ತ ಸಣ್ಣ ಎಳೆಗಳು ಚಾಚಿಕೊಳ್ಳುತ್ತವೆ. ಆಗ ಸಣ್ಣ ಸೀಗಡಿಯ ಚೂರನ್ನು ಒಂದೊಂದು ಬಾಯಿಗೂ ಮೆಲ್ಲಗೆ ಇಡಬಹುದು. ವಾರಕ್ಕೆ ಒಂದೆರಡು ಸಲ ಸಾಕು. ಮಿಕ್ಕಿದ ಆಹಾರ ಕೊಳೆತು ನೀರನ್ನು ಕೆಡಿಸುತ್ತದೆ.

ನೋಡಲು ಹೂವಿನಂತಿದ್ದರೂ ಇದು ಸಾಧುಪ್ರಾಣಿಯಲ್ಲ. ಪಕ್ಕದ ಹವಳ ತೀರ ಹತ್ತಿರವಿದ್ದರೆ ಹೊಟ್ಟೆಯೊಳಗಿನ ಎಳೆಗಳನ್ನು ಹೊರಚಾಚಿ ಅದನ್ನು ಜೀರ್ಣಿಸಿಬಿಡುತ್ತದೆ. ಎರಡರ ನಡುವೆ ಗೇಣಿನಷ್ಟು ಜಾಗ ಬಿಡುವುದು ಕ್ಷೇಮ.

ಬಣ್ಣ ಮಾಸುವುದು, ಮಾಂಸ ಸರಿದು ಬಿಳಿ ಎಲುಬು ಕಾಣುವುದು ಅಪಾಯದ ಗುರುತು. ಆಗ ಔಷಧ ಹುಡುಕುವ ಮೊದಲು ನೀರನ್ನು ಪರೀಕ್ಷಿಸಬೇಕು. ವಿದ್ಯುತ್ತು ನಿಂತರೆ ಕೆಲವು ಗಂಟೆಗಳಲ್ಲಿ ನೀರಿನ ಪ್ರಾಣವಾಯು ತೀರುವುದರಿಂದ ಬ್ಯಾಟರಿಯ ಗಾಳಿಪಂಪು ಹತ್ತಿರವಿರಲೇಬೇಕು.

ಚೆನ್ನಾಗಿ ಬೆಳೆದ ಹವಳವನ್ನು ಬಾಯಿಗಳ ನಡುವೆ ಗರಗಸದಿಂದ ಕೊಯ್ದರೆ ಎರಡು ತುಂಡೂ ಬದುಕುತ್ತವೆ. ಹೀಗೆ ತೊಟ್ಟಿಯಲ್ಲೇ ಬೆಳೆಸಿದ ತುಂಡುಗಳು ಕೈಯಿಂದ ಕೈಗೆ ಹೋಗುತ್ತಿದ್ದರೆ ಆ ಮಟ್ಟಿಗೆ ಕಡಲನ್ನು ಅಗೆಯಬೇಕಾಗುವುದಿಲ್ಲ.

ನಮ್ಮ ಕಡಲಿನ ಮಾತು

ಇದನ್ನೋದಿ ಇಲ್ಲಿ ಯಾರಾದರೂ ಹವಳ ಹುಡುಕಲು ಹೊರಟರೆ ಎಚ್ಚರಿಕೆ ಹೇಳಬೇಕಾಗಿದೆ. ಭಾರತದಲ್ಲಿ ಗಟ್ಟಿಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು; ಹುಲಿ, ಆನೆಗಳೂ ಅದೇ ಪಟ್ಟಿಯಲ್ಲಿವೆ. ಕಡಲಿನಿಂದ ಕೀಳುವುದೂ ಮಾರುವುದೂ ಅಪರಾಧ. ಹೊರದೇಶಗಳ ಹವ್ಯಾಸವನ್ನು ಇಲ್ಲಿ ಕದ್ದು ನಡೆಸುವುದರಲ್ಲಿ ಹೆಮ್ಮೆಯಿಲ್ಲ.

ನಮಗೆ ಹವಳ ದೂರದ ವಸ್ತುವೇನೂ ಅಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು ಕಾಸರಗೋಡಿನಂತೆಯೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. 1956 ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು, ಅವು ಕೇಂದ್ರದ ಆಡಳಿತಕ್ಕೆ ಹೋದವು. ಆ ದ್ವೀಪಗಳ ನೆಲವೇ ಹವಳ. ಕಡಲು ಅತಿಯಾಗಿ ಕಾದ 1998, 2010, 2016 ಮತ್ತು 2024ರಲ್ಲಿ ಅಲ್ಲಿಯ ಹವಳಗಳು ಬಿಳಿಚಿದವು. ತೊಟ್ಟಿಯ ನೀರು ಬಿಸಿಯಾದರೆ ತಂಪಾಗಿಸುವ ಯಂತ್ರವುಂಟು. ಕಡಲಿಗೆ ಅಂಥ ಯಂತ್ರವಿಲ್ಲ. ಒಂದು ತುಂಡು ಹವಳವನ್ನು ಬದುಕಿಸಲು ಮನುಷ್ಯ ಇಷ್ಟು ಪಾಡುಪಡಬೇಕಾದರೆ, ಇದ್ದಲ್ಲಿಯೇ ಅದನ್ನು ಬದುಕಗೊಡುವುದು ಎಷ್ಟು ಮೇಲೆಂಬುದನ್ನು ನಮ್ಮ ಮಕ್ಕಳಿಗೆ ತಿಳಿಸಬೇಕು.